ಅಜ್ಞಾತವಾಸ ಮುಗಿಸಿದ ಕ್ಯಾಮೆರಾ

ಅಜ್ಞಾತವಾಸ ಪಾಂಡವರಿಗೆ ಮಾತ್ರ ಬಂದದ್ದಲ್ಲ, ನಮ್ಮ ಹವ್ಯಾಸಗಳಿಗೂ ಬರುತ್ತದೆ. ಒಂಬತ್ತನೇ ತರಗತಿಯವರೆಗೆ ಮನೆಯ ತುಂಬ ಓಡಾಡಿಕೊಂಡಿದ್ದ ಹವ್ಯಾಸ ಹತ್ತನೇ ತರಗತಿ ಬಂದೊಡನೆ ಅಟ್ಟ ಸೇರುತ್ತದೆ. ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಭರವಸೆಯೊಂದಿಗೇ ಅದು ಹೋಗುತ್ತದೆ. ಆದರೆ ಹತ್ತರ ಪರೀಕ್ಷೆ ಮುಗಿಯುತ್ತಿದ್ದಂತೆ ಪಿಯುಸಿ, ಅದರ ಹಿಂದೆಯೇ ಸಿಇಟಿ, ನಂತರ ಪದವಿ, ನೌಕರಿ, ಮದುವೆ, ಮನೆ ಸಾಲ. ಪಾಂಡವರದು ಒಂದೇ ವರ್ಷದ ಅಜ್ಞಾತವಾಸ. ನಮ್ಮ ತಬಲಾ, ಕುಂಚ, ಅಂಚೆಚೀಟಿಯ ಪುಸ್ತಕಗಳದು ಇಪ್ಪತ್ತು ಮೂವತ್ತು ವರ್ಷಗಳದು.

ಇವುಗಳಲ್ಲಿ ಕ್ಯಾಮೆರಾದ ಪಾಡು ಸ್ವಲ್ಪ ಬೇರೆ. ತಬಲಾ ಅಟ್ಟದ ಮೇಲಿದ್ದರೆ ಅದು ಅಲ್ಲಿದೆ ಎಂದಾದರೂ ಗೊತ್ತಿರುತ್ತದೆ. ಕ್ಯಾಮೆರಾ ಮಾತ್ರ ವಿರಾಟನ ಅರಮನೆಯಲ್ಲಿದ್ದ ಬೃಹನ್ನಳೆಯಂತೆ ಎಲ್ಲರ ಕಣ್ಣೆದುರಿಗೇ ವೇಷ ಮರೆಸಿಕೊಂಡು ನಿಂತಿದೆ. ಇಂದು ಅದು ಮೊಬೈಲಿನೊಳಗೆ ಕುಳಿತು ಪ್ರತಿಯೊಬ್ಬರ ಜೇಬಿನಲ್ಲೂ ಇದೆ. ವಿದ್ಯುತ್ ಬಿಲ್ಲು, ಆಧಾರ್ ಕಾರ್ಡು, ಗೆಳೆಯನ ನೋಟ್ಸು, ಹೋಟೆಲಿನ ದೋಸೆ ಎಲ್ಲದರ ಫೋಟೋ ತೆಗೆಯುತ್ತೇವೆ. ‘ಕಳೆದ ವಾರ ಎಷ್ಟು ಫೋಟೋ ತೆಗೆದಿರಿ?’ ಎಂದು ಕೇಳಿದರೆ ಲೆಕ್ಕ ಸಿಗುವುದಿಲ್ಲ. ‘ಅವುಗಳಲ್ಲಿ ಬೆಳಕು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನಿಂತು ತೆಗೆದದ್ದು ಎಷ್ಟು?’ ಎಂದು ಕೇಳಿದರೆ ಲೆಕ್ಕ ಬಹಳ ಸುಲಭ. ಹೆಚ್ಚಿನವರ ಉತ್ತರ ಸೊನ್ನೆ.

ಫೋಟೋಗಳು ಇಷ್ಟು ಹೆಚ್ಚಿರುವ ಕಾಲದಲ್ಲಿ ಛಾಯಾಗ್ರಹಣದ ಪ್ರೀತಿ ಮಾತ್ರ ಏಕೆ ಕಡಿಮೆಯಾಯಿತು? ಒಮ್ಮೆ ಹೋದ ಪ್ರೀತಿ ಮರಳಿ ಬರುತ್ತದೆಯೇ? ಬರುವುದಾದರೆ ಹೇಗೆ? ಹೊಸ ಕ್ಯಾಮೆರಾ ಕೊಂಡರೆ ಬಂದೀತೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಬ್ರೆಜಿಲ್ ದೇಶದ ಸೆಬಾಸ್ಟಿಯಾವ್ ಸಲ್ಗಾಡೊ.

ಹೆಂಡತಿಯ ಕ್ಯಾಮೆರಾ

ಸಲ್ಗಾಡೊ ಹುಟ್ಟಿದ್ದು 1944ರಲ್ಲಿ, ಬ್ರೆಜಿಲಿನ ಮಿನಾಸ್ ಜೆರಾಯಿಸ್ ಪ್ರಾಂತದ ಐಮೊರೆಸ್ ಎಂಬ ಊರಿನಲ್ಲಿ. ತಂದೆಗೆ ದನ ಸಾಕುವ ದೊಡ್ಡ ಹಿಡುವಳಿ ಇತ್ತು. ಮಗ ಓದಿದ್ದು ಅರ್ಥಶಾಸ್ತ್ರ. ಬ್ರೆಜಿಲಿನಲ್ಲಿ ಸೈನಿಕ ಆಡಳಿತ ಬಿಗಿಯಾದಾಗ, 1969ರಲ್ಲಿ, ಆತ ಮತ್ತು ಹೆಂಡತಿ ಲೇಲಿಯಾ ಪ್ಯಾರಿಸಿಗೆ ಹೋದರು. ಲೇಲಿಯಾ ಅಲ್ಲಿ ವಾಸ್ತುಶಿಲ್ಪ ಓದುತ್ತಿದ್ದರು. ಕಟ್ಟಡಗಳ ಚಿತ್ರ ತೆಗೆಯಲು ಅವರಿಗೊಂದು ಕ್ಯಾಮೆರಾ ಬೇಕಾಯಿತು, ಕೊಂಡರು. ಆ ಕ್ಯಾಮೆರಾದೊಳಗೆ ಮೊದಲ ಬಾರಿಗೆ ಕಣ್ಣಿಟ್ಟು ನೋಡಿದಾಗ ಸಲ್ಗಾಡೊ ಅವರಿಗೆ ಇಪ್ಪತ್ತಾರರ ಆಸುಪಾಸಿನ ವಯಸ್ಸು. ಅಲ್ಲಿಂದಾಚೆಗೆ ಅದು ಹೆಂಡತಿಯ ಕೈಗೆ ಸಿಕ್ಕಿದ್ದೇ ಅಪರೂಪವಂತೆ.

ಮುಂದೆ ಅವರಿಗೆ ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಒಳ್ಳೆಯ ಕೆಲಸ ದೊರೆಯಿತು. ಆಫ್ರಿಕದ ಕಾಫಿ ಬೆಳೆಯುವ ನಾಡುಗಳಿಗೆ ಪ್ರವಾಸ ಹೋಗಿ ವರದಿ ಬರೆಯಬೇಕು. ಕ್ಯಾಮೆರಾವನ್ನೂ ಜೊತೆಗೆ ಒಯ್ದರು. ಮರಳಿ ಬಂದ ಮೇಲೆ ವರದಿ ಬರೆಯುವುದಕ್ಕಿಂತ ಚಿತ್ರಗಳನ್ನು ನೋಡುವುದರಲ್ಲೇ ಹೆಚ್ಚು ಸಂತೋಷ ಎಂಬುದು ಅವರಿಗೆ ತಿಳಿಯಿತು. 1973ರಲ್ಲಿ ಕೆಲಸ ಬಿಟ್ಟು ಪೂರ್ಣಾವಧಿ ಛಾಯಾಗ್ರಾಹಕರಾದರು.

ತಂದೆತಾಯಂದಿರು ಇಲ್ಲಿ ಗಾಬರಿಯಾಗಬೇಕಿಲ್ಲ. ಓದು ಬಿಟ್ಟು ಕ್ಯಾಮೆರಾ ಹಿಡಿಯಿರಿ ಎಂದು ಈ ಕಥೆ ಹೇಳುವುದಿಲ್ಲ. ಆತ ಓದನ್ನು ಮುಗಿಸಿದ್ದರು. ಓದಿದ ಅರ್ಥಶಾಸ್ತ್ರ ವ್ಯರ್ಥವಾಗಲೂ ಇಲ್ಲ. ದುಡಿಮೆ, ವಲಸೆ, ಬಡತನ ಇವುಗಳೇ ಅವರ ಚಿತ್ರಗಳ ವಸ್ತುಗಳಾದವು. 1986ರಲ್ಲಿ ಬ್ರೆಜಿಲಿನ ಸೆರಾ ಪೆಲಾಡಾ ಎಂಬ ಚಿನ್ನದ ಗಣಿಯಲ್ಲಿ ಅವರು ತೆಗೆದ ಚಿತ್ರಗಳನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ದೊಡ್ಡದೊಂದು ಗುಂಡಿ, ಅದರ ಗೋಡೆಗಳಿಗೆ ಆನಿಸಿದ ಮರದ ಏಣಿಗಳು, ಏಣಿಗಳ ಮೇಲೆ ಮಣ್ಣಿನ ಚೀಲ ಹೊತ್ತು ಇರುವೆಗಳಂತೆ ಹತ್ತಿಳಿಯುವ ಸಾವಿರಾರು ಜನ. ಯಂತ್ರವೊಂದೂ ಕಾಣುವುದಿಲ್ಲ. ಕಪ್ಪುಬಿಳುಪಿನ ಆ ಚಿತ್ರಗಳು ಜಗತ್ತಿಗೆಲ್ಲ ಅವರ ಹೆಸರನ್ನು ತಿಳಿಸಿದವು.

ಕ್ಯಾಮೆರಾ ಕೆಳಗಿಟ್ಟ ದಿನಗಳು

1994ರಲ್ಲಿ ಆಫ್ರಿಕದ ರುವಾಂಡಾದಲ್ಲಿ ನರಮೇಧ ನಡೆಯಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ ಹತ್ಯೆಯಾಯಿತು. ನಿರಾಶ್ರಿತರ ಚಿತ್ರಗಳನ್ನು ತೆಗೆಯುತ್ತ ಸಲ್ಗಾಡೊ ಅಲ್ಲಿದ್ದರು. ದಿನವೂ ಸಾವನ್ನೇ ನೋಡಿ ನೋಡಿ ಅವರ ದೇಹ ಕುಸಿಯಿತು. ವೈದ್ಯರ ಬಳಿ ಹೋದರೆ, ನಿನಗೆ ಇಂಥದೇ ಎಂದು ಹೇಳುವ ರೋಗವಿಲ್ಲ, ಕಂಡ ಸಾವುಗಳೇ ನಿನ್ನನ್ನು ಕೊಲ್ಲುತ್ತಿವೆ, ಇದನ್ನು ನಿಲ್ಲಿಸು ಎಂಬರ್ಥದ ಮಾತು ಬಂತು. ಅವರು ನಿಲ್ಲಿಸಿದರು. ಇಪ್ಪತ್ತು ವರ್ಷ ಕೈಯಲ್ಲೇ ಇದ್ದ ಕ್ಯಾಮೆರಾವನ್ನು ನೋಡುವ ಮನಸ್ಸೂ ಇಲ್ಲದವರಾಗಿ ಊರಿಗೆ ಮರಳಿದರು.

ಊರಿನ ನೆಲವೂ ಅವರಂತೆಯೇ ಬಳಲಿತ್ತು. ಬಾಲ್ಯದಲ್ಲಿ ದಟ್ಟವಾಗಿದ್ದ ಕಾಡು ಕಡಿದುಹೋಗಿ, ದನಗಳ ಕಾಲಡಿ ಮಣ್ಣು ಸವೆದು, ತೊರೆಗಳು ಬತ್ತಿದ್ದವು. ಆಗ ಲೇಲಿಯಾ ಒಂದು ಮಾತು ಸೂಚಿಸಿದರು: ಇಲ್ಲಿ ಕಾಡನ್ನು ಮತ್ತೆ ಬೆಳೆಸೋಣ. 1998ರಲ್ಲಿ ಇಬ್ಬರೂ ಸೇರಿ ‘ಇನ್‌ಸ್ಟಿಟ್ಯೂಟೊ ಟೆರಾ’ ಎಂಬ ಸಂಸ್ಥೆ ಕಟ್ಟಿದರು. 1999ರ ಕೊನೆಯಲ್ಲಿ ಮೊದಲ ಸಸಿಗಳನ್ನು ನೆಟ್ಟರು. ಮುಂದಿನ ವರ್ಷಗಳಲ್ಲಿ ಅಲ್ಲಿ ಬೆಳೆದ ಮರಗಳು 20 ಲಕ್ಷಕ್ಕೂ ಹೆಚ್ಚು. ಹಕ್ಕಿಗಳು ಬಂದವು, ಕೀಟಗಳು ಬಂದವು, ತೊರೆಗಳಲ್ಲಿ ನೀರು ಬಂತು. ಅವುಗಳ ಜೊತೆಗೆ ಸಲ್ಗಾಡೊ ಅವರಿಗೆ ಫೋಟೋ ತೆಗೆಯುವ ಆಸೆಯೂ ಮರಳಿ ಬಂತು.

2004ರಲ್ಲಿ, ಅರವತ್ತರ ವಯಸ್ಸಿನಲ್ಲಿ, ‘ಜೆನೆಸಿಸ್’ ಎಂಬ ಹೊಸ ಕೆಲಸಕ್ಕೆ ಕೈಹಾಕಿದರು. ಮನುಷ್ಯನ ಕೈಗೆ ಸಿಕ್ಕಿ ಇನ್ನೂ ಹಾಳಾಗದ ನೆಲ, ಜಲ, ಪ್ರಾಣಿ, ಜನರ ಚಿತ್ರಗಳನ್ನು ತೆಗೆಯಬೇಕೆಂಬುದು ಸಂಕಲ್ಪ. ಮೊದಲು ಹೋದದ್ದು ಡಾರ್ವಿನ್ ಅಧ್ಯಯನ ಮಾಡಿದ್ದ ಗಲಾಪಗೋಸ್ ದ್ವೀಪಗಳಿಗೆ. ಅಲ್ಲಿ ಒಂದು ದೈತ್ಯ ಆಮೆ. ಇವರು ಹತ್ತಿರ ಹೋದರೆ ಅದು ದೂರ ಸರಿಯುತ್ತಿತ್ತು. ಜೀವಮಾನವೆಲ್ಲ ಮನುಷ್ಯರ ಫೋಟೋ ತೆಗೆದವರಿಗೆ ಒಂದು ವಿಷಯ ಹೊಳೆಯಿತು. ಯಾವ ಮನುಷ್ಯನ ಬಳಿಯೂ ತಾನು ಪರಿಚಯ ಮಾಡಿಕೊಳ್ಳದೆ ಫೋಟೋ ತೆಗೆದಿಲ್ಲ. ಹಾಗಾದರೆ ಆಮೆಗೂ ತನ್ನ ಪರಿಚಯವಾಗಬೇಕಲ್ಲ! ಮಂಡಿಯೂರಿ, ಅಂಗೈ ನೆಲಕ್ಕೆ ಹಚ್ಚಿ, ಆಮೆಯ ಎತ್ತರಕ್ಕೆ ಇಳಿದು ಅಂಬೆಗಾಲಿಟ್ಟರು. ಆಮೆ ಓಡುವುದನ್ನು ನಿಲ್ಲಿಸಿತು. ಇವರು ಸ್ವಲ್ಪ ಹಿಂದೆ ಸರಿದರೆ ಅದೇ ಮುಂದೆ ಬಂದು ಇವರನ್ನು ನೋಡಿತು.

ಎಂಟು ವರ್ಷ ನಡೆದ ಆ ಕೆಲಸ 2013ರಲ್ಲಿ ಪುಸ್ತಕವಾಗಿ, ಪ್ರದರ್ಶನವಾಗಿ ಹೊರಬಂತು. ಅದರ ನಡುವೆಯೇ ಅವರು ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮೆರಾಗೆ ಬದಲಾದರು. ಆದರೂ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಆರಿಸುವುದು ಒಗ್ಗದೆ, ಎಲ್ಲವನ್ನೂ ಹಳೆಯ ಕಾಲದ ಹಾಗೆ ಸಣ್ಣ ಸಣ್ಣದಾಗಿ ಮುದ್ರಿಸಿಕೊಂಡು ನೋಡುತ್ತಿದ್ದರು. ಕೊನೆಗೆ ಕಾಫಿಗೂ ಮರಳಿದರು. ಭಾರತವೂ ಸೇರಿದಂತೆ ಹಲವು ದೇಶಗಳ ಕಾಫಿ ಬೆಳೆಗಾರರ, ಕೂಲಿಯವರ ಚಿತ್ರಗಳ ಪುಸ್ತಕವೊಂದು 2015ರಲ್ಲಿ ಬಂತು. 2025ರ ಮೇ ತಿಂಗಳಲ್ಲಿ, 81ನೇ ವಯಸ್ಸಿನಲ್ಲಿ, ಸಲ್ಗಾಡೊ ಪ್ಯಾರಿಸಿನಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಒಂದೇ. ಪ್ರೀತಿ ಮರಳಿದ್ದು ಹೊಸ ಕ್ಯಾಮೆರಾದಿಂದಲ್ಲ, ಬಹುಮಾನದಿಂದಲೂ ಅಲ್ಲ. ಸಸಿ ಬೆಳೆಯುವುದನ್ನು ದಿನವೂ ನಿಂತು ನೋಡಿದ್ದರಿಂದ ಮರಳಿತು. ಮೊದಲು ನೋಡುವ ಆಸೆ ಚಿಗುರಿತು, ಅದರ ಬೆನ್ನಿಗೆ ತೆಗೆಯುವ ಆಸೆ ಬಂತು. ಸಲ್ಗಾಡೊ ಕಂಡಂಥ ದಾರುಣ ಸಂಗತಿಗಳನ್ನು ನಾವು ಕಂಡಿಲ್ಲ. ನಮ್ಮ ಕ್ಯಾಮೆರಾ ಮೂಲೆ ಸೇರಿದ್ದು ತೀರ ಸಾಮಾನ್ಯ ಕಾರಣಗಳಿಂದ. ಆದರೆ ಮರಳುವ ದಾರಿ ಮಾತ್ರ ಇಬ್ಬರಿಗೂ ಒಂದೇ ಎಂದು ನನ್ನ ನಂಬಿಕೆ.

ಹನ್ನೆರಡೇ ಹನ್ನೆರಡು

ಇದು ನನ್ನ ಅನುಭವದ ಮಾತೂ ಹೌದು. ನನ್ನ ಮೊದಲ ಕ್ಯಾಮೆರಾ ಸೋದರಮಾವನದು, ‘ಅಗ್ಫಾ ಕ್ಲಿಕ್ ಥ್ರೀ’. ಇಂದಿನ ತಂದೆತಾಯಂದಿರಲ್ಲಿ ಅನೇಕರು ಅದನ್ನು ಬಲ್ಲರು. ಕಪ್ಪು ಡಬ್ಬಿಯಂಥ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಆ ದಿನಗಳಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಎಂಬ ಕಪ್ಪುಬಿಳುಪು ಫಿಲ್ಮ್ ಸಿಗುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಹನ್ನೆರಡು ಚಿತ್ರಗಳಲ್ಲಿ ಆರು ಮನೆಯವರ ಪಾಲು, ನಾಲ್ಕು ನೆಂಟರ ಪಾಲು. ಉಳಿದ ಎರಡು ನನ್ನವು. ಆ ಎರಡರಲ್ಲಿ ಯಾವುದನ್ನು ತೆಗೆಯಬೇಕೆಂದು ತಿಂಗಳುಗಟ್ಟಲೆ ಯೋಚಿಸುತ್ತಿದ್ದೆ. ಕೆರೆ ಏರಿಯ ಮೇಲಿನ ಆಲದ ಮರವನ್ನು ಬೆಳಿಗ್ಗೆ ತೆಗೆಯುವುದೋ ಸಂಜೆಯೋ ಎಂದು ಎರಡೂ ಹೊತ್ತು ಹೋಗಿ ನೋಡಿ ಬರುತ್ತಿದ್ದೆ. ತಾಲ್ಲೂಕು ಪೇಟೆಯ ಸ್ಟುಡಿಯೋದಲ್ಲಿ ರೋಲು ತೊಳೆಸಲು ಕೊಟ್ಟು ವಾರ ಕಾಯಬೇಕು. ಬೇಡಿಕೊಂಡರೆ ಸ್ಟುಡಿಯೋದವರು ಕತ್ತಲೆ ಕೋಣೆಯೊಳಕ್ಕೂ ಬಿಡುತ್ತಿದ್ದರು. ಕೆಂಪು ದೀಪದ ಕೆಳಗೆ, ತಟ್ಟೆಯ ದ್ರಾವಣದಲ್ಲಿ ಬಿದ್ದ ಬಿಳಿ ಕಾಗದದ ಮೇಲೆ ಆಲದ ಮರ ನಿಧಾನವಾಗಿ ಮೂಡುವುದನ್ನು ನೋಡಿದವರಿಗೆ ಮತ್ತೆ ಇಂದ್ರಜಾಲ ನೋಡಬೇಕೆನಿಸುವುದಿಲ್ಲ.

ನಂತರ ಎಲ್ಲರ ಹಾಗೆ ನನ್ನದೂ ಆಯಿತು. ಓದು, ಕೆಲಸ, ಸಂಸಾರ. ಬಹಳ ವರ್ಷಗಳ ಮೇಲೆ, ಅಮ್ಮನ ಟ್ರಂಕಿನಲ್ಲಿದ್ದ ಕವರೊಂದರಿಂದ ಹಳೆಯ ಫೋಟೋಗಳು ಹೊರಬಂದವು. ಅವುಗಳಲ್ಲಿ ಹಿತ್ತಲಿನದೊಂದು ಚಿತ್ರ, ನಾನೇ ತೆಗೆದದ್ದು. ಅದರಲ್ಲಿ ಯಾವ ಮನುಷ್ಯರೂ ಇಲ್ಲ. ಇದನ್ನೇಕೆ ತೆಗೆದೆನೋ ಎಂದುಕೊಳ್ಳುವಷ್ಟರಲ್ಲಿ ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬಳಿ ಹೋದರು. ‘ಹಂಡೆ ಒಲೆ ಇನ್ನೂ ಹೊಗೆಯಾಡ್ತಿದೆ ನೋಡು. ನೆರಳು ಬಾವಿಕಟ್ಟೆವರೆಗೆ ಬಂದಿದೆ. ಎಂಟು ಗಂಟೆ ಇರಬೇಕು. ಅಜ್ಜಿ ಇನ್ನೂ ಸ್ನಾನಕ್ಕೆ ಹೋಗಿಲ್ಲ, ಸೀರೆ ಗಳದ ಮೇಲೆ ಇದೆ’ ಎಂದರು.

ಯಾರೂ ಇಲ್ಲದ ಚಿತ್ರದಲ್ಲಿ ಅಮ್ಮನಿಗೆ ಒಂದು ಇಡೀ ಬೆಳಗು ಕಂಡಿತ್ತು. ಆ ಮನೆ ಇಂದಿಲ್ಲ, ಅಜ್ಜಿಯೂ ಇಲ್ಲ. ಚಿತ್ರಕ್ಕೆ ಎಂಥ ಶಕ್ತಿಯಿದೆ ಎಂದು ಪುಸ್ತಕಗಳಲ್ಲಿ ಓದಿದ್ದೆ, ಅಂದು ಕಣ್ಣಾರೆ ಕಂಡೆ. ಮರುದಿನ ಬೆಳಿಗ್ಗೆ ಮೊಬೈಲ್ ಹಿಡಿದು ಹೊರಟೆ. ಒಂದೇ ಒಂದು ನಿಯಮ ಹಾಕಿಕೊಂಡೆ: ವಾರಕ್ಕೆ ಹನ್ನೆರಡು ಚಿತ್ರ, ಹದಿಮೂರನೆಯದಿಲ್ಲ. ಮೊದಲ ವಾರ ಕೈ ತುರಿಸುತ್ತಿತ್ತು. ಮೂರನೆಯ ವಾರದ ಹೊತ್ತಿಗೆ, ಶಾಲೆಯ ದಿನಗಳಲ್ಲಿ ಆಲದ ಮರ ನೋಡಿಬರುತ್ತಿದ್ದ ಹಾಗೆ, ಚಿತ್ರ ತೆಗೆಯುವ ಮೊದಲೇ ಎರಡು ಬಾರಿ ಹೋಗಿ ನೋಡಿ ಬರತೊಡಗಿದೆ. ಹಾಲಿನ ಬೂತಿನ ಎದುರು ಆರೂವರೆಗೆ ಬೀಳುವ ಓರೆ ಬಿಸಿಲು, ಮಳೆ ನಿಂತ ಮೇಲೆ ಹೊಂಗೆಯ ಎಲೆಗೆ ಬರುವ ಹೊಳಪು ಮೊದಲೂ ಇದ್ದವು. ಆದರೆ ನಾನು ನಿಂತು ನೋಡಿದ್ದು ಆ ದಿನಗಳಲ್ಲಿ.

ವಿದ್ಯಾರ್ಥಿಗಳಿಗೆ ಒಂದಿಷ್ಟು ವಿಜ್ಞಾನ

ಛಾಯಾಗ್ರಹಣ ಓದಿಗೆ ಶತ್ರುವೆಂಬ ಭಾವನೆ ಅನೇಕ ಮನೆಗಳಲ್ಲಿದೆ. ನಿಜವಾಗಿ ನೋಡಿದರೆ ನಿಮ್ಮ ಭೌತ, ರಸಾಯನಶಾಸ್ತ್ರದ ಪುಸ್ತಕಗಳ ಎಷ್ಟೋ ಪಾಠಗಳು ಕ್ಯಾಮೆರಾದೊಳಗೆ ಕುಳಿತಿವೆ.

ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಓದಿದ್ದೀರಿ. ಮರದ ಕೆಳಗೆ ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳು ದುಂಡಗಿರುವುದನ್ನು ಗಮನಿಸಿದ್ದೀರಾ? ಎಲೆಗಳ ನಡುವಿನ ಸಂದು ದುಂಡಗಿಲ್ಲ, ಚುಕ್ಕೆ ಮಾತ್ರ ದುಂಡಗಿದೆ. ಏಕೆಂದರೆ ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗ ಬೆಂಗಳೂರಿನಲ್ಲಿ ಮರಗಳ ಕೆಳಗೆಲ್ಲ ಕುಡುಗೋಲಿನಂಥ ಬೆಳಕಿನ ತುಣುಕುಗಳು ಬಿದ್ದಿದ್ದವು. ಕಂಕಣ ಗ್ರಹಣ ಕಂಡ ಮಂಗಳೂರು, ಕೊಡಗಿನ ಕಡೆ ಅವೇ ಬಳೆಗಳಾಗಿ ಮೂಡಬಲ್ಲವಾಗಿದ್ದವು. ಮರವೇ ಒಂದು ಕ್ಯಾಮೆರಾ ಎಂದಾಯಿತಲ್ಲವೇ? ರಟ್ಟಿನ ಡಬ್ಬಿಗೆ ಸೂಜಿಯ ತೂತು ಮಾಡಿ, ಎದುರು ಬದಿಗೆ ಎಣ್ಣೆ ಕಾಗದ ಅಂಟಿಸಿದರೆ ನಿಮ್ಮ ಬೀದಿ ತಲೆಕೆಳಗಾಗಿ ಕಾಣುತ್ತದೆ. ಒಂದು ಭಾನುವಾರಕ್ಕೆ ಅಷ್ಟು ಸಾಕು.

ಕ್ಯಾಮೆರಾದ ಮಸೂರದ ಮೇಲೆ 2, 2.8, 4, 5.6, 8, 11, 16 ಎಂಬ ಅಂಕಿಗಳಿರುತ್ತವೆ. ಅರ್ಥವಿಲ್ಲದ ಅಂಕಿಗಳಂತೆ ಕಾಣುವ ಇವುಗಳ ಗುಟ್ಟು ಎರಡರ ವರ್ಗಮೂಲದಲ್ಲಿದೆ. ಪ್ರತಿ ಅಂಕಿಯನ್ನೂ ಸುಮಾರು 1.4ರಿಂದ ಗುಣಿಸಿದರೆ ಮುಂದಿನದು ಬರುತ್ತದೆ. ಒಂದೊಂದು ಹೆಜ್ಜೆಗೂ ಕಂಡಿಯ ವಿಸ್ತೀರ್ಣ ಅರ್ಧವಾಗುತ್ತದೆ, ಒಳಬರುವ ಬೆಳಕೂ ಅರ್ಧ. ಮೀಟರಿಲ್ಲದ ಕಾಲದಲ್ಲಿ ಛಾಯಾಗ್ರಾಹಕರು ಇಟ್ಟುಕೊಂಡಿದ್ದ ಸೂತ್ರ ಸರಳ: ನಿಚ್ಚಳ ಬಿಸಿಲಿದ್ದರೆ ಅಂಕಿ 16ಕ್ಕಿಡು, ಫಿಲ್ಮಿನ ವೇಗ 100 ಆದರೆ ಶಟರ್ ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದಷ್ಟು ತೆರೆದಿರಲಿ. ಮೋಡ ಬಂದರೆ ಕಂಡಿ ಹಿಗ್ಗಿಸು.

ಫಿಲ್ಮಿನ ಮೇಲೆ ಬೆಳ್ಳಿಯ ಲವಣಗಳ ಲೇಪವಿರುತ್ತದೆ. ಬೆಳಕು ಬಿದ್ದ ಕಣಗಳಲ್ಲಿ ಕಣ್ಣಿಗೆ ಕಾಣದಷ್ಟು ಬದಲಾವಣೆ ಆಗುತ್ತದೆ. ಡೆವಲಪರ್ ಆ ಕಣಗಳನ್ನು ಮಾತ್ರ ಕಪ್ಪು ಬೆಳ್ಳಿಯಾಗಿಸುತ್ತದೆ. ಬೆಳಕು ಬೀಳದೆ ಉಳಿದ ಲವಣವನ್ನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ತೆಗೆಯುತ್ತದೆ. ಹೈಪೋವಿನ ಈ ಗುಣವನ್ನು 1819ರಲ್ಲೇ ಗುರುತಿಸಿದವರು ಜಾನ್ ಹರ್ಷಲ್. ಡಿಜಿಟಲ್ ಕ್ಯಾಮೆರಾದಲ್ಲಿ ಬೆಳ್ಳಿಯ ಜಾಗಕ್ಕೆ ಸಿಲಿಕಾನ್ ಬಂದಿದೆ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿದ್ದದ್ದು ನೂರಕ್ಕೆ ನೂರು, ಅಂದರೆ ಹತ್ತೇ ಸಾವಿರ ಚುಕ್ಕೆಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ನಿಮ್ಮ ಕೈಯಲ್ಲಿರುವ ಸಾಧಾರಣ ಮೊಬೈಲಿನಲ್ಲೂ ಅದರ ಸಾವಿರ ಪಟ್ಟು ಚುಕ್ಕೆಗಳಿವೆ. ಆದ್ದರಿಂದ ‘ಒಳ್ಳೆಯ ಕ್ಯಾಮೆರಾ ಇಲ್ಲ’ ಎಂಬ ನೆಪ ಯಾರಿಗೂ ಉಳಿದಿಲ್ಲ.

ಯಾರಿಗಾಗಿ ತೆಗೆಯುವುದು?

ಇಂದಿನ ಮಕ್ಕಳ ಕಷ್ಟ ನಮ್ಮ ಕಾಲದ್ದಲ್ಲ. ನಮಗೆ ಫಿಲ್ಮಿನ ಕೊರತೆ ಇತ್ತು, ಇವರಿಗೆ ನೋಡುಗರ ಕಾಟ. ಚಿತ್ರ ತೆಗೆದ ಮರುಕ್ಷಣ ಅದನ್ನು ನಾಲ್ಕು ಜನರಿಗೆ ತೋರಿಸಬೇಕು, ಎಷ್ಟು ಜನ ಮೆಚ್ಚಿದರೆಂದು ಎಣಿಸಬೇಕು. ಮೆಚ್ಚುಗೆ ಕಡಿಮೆಯಾದರೆ ಆ ಚಿತ್ರ ಕೆಟ್ಟದ್ದು ಎಂದು ಅಳಿಸಿಬಿಡಬೇಕು. ಶಾಲೆಯಲ್ಲಿ ಅಂಕ ಎಣಿಸಿ ಬೇಸತ್ತ ಮಗು ಹವ್ಯಾಸದಲ್ಲೂ ಅಂಕ ಎಣಿಸುವಂತಾದರೆ ಪ್ರೀತಿ ಉಳಿಯುವುದೆಲ್ಲಿ?

ಅಂಥವರಿಗೆ ವಿವಿಯನ್ ಮೇಯರ್ ಅವರ ವಿಷಯ ಹೇಳಬೇಕು. ಅಮೆರಿಕದ ಷಿಕಾಗೋ ನಗರದಲ್ಲಿ ಸುಮಾರು ನಲವತ್ತು ವರ್ಷ ಪರರ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸ ಮಾಡಿದ ಹೆಂಗಸು ಆಕೆ. ಬಿಡುವು ಸಿಕ್ಕಾಗ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೀದಿ ಸುತ್ತುತ್ತಿದ್ದರು. 2007ರಲ್ಲಿ, ಬಾಡಿಗೆ ಕಟ್ಟದೆ ಉಳಿದ ಆಕೆಯ ಸಾಮಾನುಗಳನ್ನು ಹರಾಜು ಹಾಕಿದಾಗ ಪೆಟ್ಟಿಗೆ ಪೆಟ್ಟಿಗೆ ನೆಗೆಟಿವ್‌ಗಳು ದೊರೆತವು. ಒಟ್ಟು ಲೆಕ್ಕ ಲಕ್ಷವನ್ನು ದಾಟಿತು. ಎಷ್ಟೋ ರೋಲುಗಳನ್ನು ಆಕೆ ತೊಳೆಸಿಯೇ ಇರಲಿಲ್ಲ. 2009ರಲ್ಲಿ ಆಕೆ ತೀರಿಕೊಂಡ ಮೇಲೆ ಜಗತ್ತು ಆ ಚಿತ್ರಗಳನ್ನು ನೋಡಿ ಬೆರಗಾಯಿತು. ಎಲ್ಲರೂ ಹೀಗೆ ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಚಪ್ಪಾಳೆ ಇಲ್ಲದೆಯೂ ಒಬ್ಬರು ಜೀವನಪೂರ್ತಿ ಸಂತೋಷದಿಂದ ನೋಡುತ್ತಿರಬಹುದು ಎಂಬುದಕ್ಕೆ ಆಕೆ ಸಾಕ್ಷಿ.

ಇನ್ನೊಂದು ಮಾತು. ಸಲ್ಗಾಡೊ ಆಮೆಗೂ ಪರಿಚಯ ಹೇಳಿಕೊಂಡರು. ನಾವು ಅಪರಿಚಿತ ಮನುಷ್ಯರ ಮುಖಕ್ಕೆ ಮೊಬೈಲ್ ಹಿಡಿಯುವ ಮೊದಲು ‘ಒಂದು ಫೋಟೋ ತೆಗೀಬಹುದಾ ಅಣ್ಣ?’ ‘ತೆಗೀಲಾ ಅಮ್ಮ?’ ಎಂದು ಕೇಳಲೇಬೇಕು. ಬೇಡವೆಂದರೆ ನಮಸ್ಕಾರ ಹೇಳಿ ಮುಂದೆ ಹೋಗಬೇಕು. ಇದನ್ನು ಮಕ್ಕಳಿಗೆ ಮೊದಲ ಪಾಠವಾಗಿ ಕಲಿಸಿ.

ತಂದೆತಾಯಂದಿರಿಗೆ

ಮಗ ಅಥವಾ ಮಗಳು ಕ್ಯಾಮೆರಾ ಬೇಕೆಂದರೆ ಕೂಡಲೇ ದುಬಾರಿಯದನ್ನು ಕೊಡಿಸಬೇಡಿ, ಕೂಡಲೇ ಬೇಡವೆಂದೂ ಹೇಳಬೇಡಿ. ಮನೆಯಲ್ಲಿರುವ ಮೊಬೈಲಿನಲ್ಲೇ ವಾರಕ್ಕೆ ಹನ್ನೆರಡು ಚಿತ್ರದ ನಿಯಮ ಹಾಕಿ, ಆರು ತಿಂಗಳು ನೋಡಿ. ತಿಂಗಳಿಗೊಂದು ಚಿತ್ರವನ್ನು ಅವರೇ ಆರಿಸಲಿ, ಅದನ್ನು ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಹಾಕಿ. ವರ್ಷಕ್ಕೆ ಹನ್ನೆರಡು ಚಿತ್ರಗಳಾಗುತ್ತವೆ. ‘ಇದಕ್ಕೆ ಬಹುಮಾನ ಬರುತ್ತಾ?’ ಎಂದು ಕೇಳುವ ಬದಲು ‘ಇಲ್ಲಿ ನಿನಗೇನು ಕಂಡಿತು?’ ಎಂದು ಕೇಳಿ. ಪರೀಕ್ಷೆಯ ವರ್ಷವಾದರೆ ಹನ್ನೆರಡನ್ನು ಎರಡಕ್ಕಿಳಿಸಿ, ಆದರೆ ಸೊನ್ನೆಗಿಳಿಸಬೇಡಿ. ವಾರಕ್ಕೆ ಅರ್ಧ ಗಂಟೆಯಿಂದ ಯಾರ ಅಂಕವೂ ಕಡಿಮೆಯಾಗುವುದಿಲ್ಲ. ಪೂರ್ತಿ ನಿಂತ ಹವ್ಯಾಸ ಮತ್ತೆ ಏಳಲು ಮಾತ್ರ ಕೆಲವೊಮ್ಮೆ ಮೂವತ್ತು ವರ್ಷ ಬೇಕಾಗುತ್ತದೆ.

ನಿಮ್ಮದೇ ಹಳೆಯ ಕ್ಯಾಮೆರಾ ಬೀರುವಿನಲ್ಲಿದ್ದರೆ ಅದನ್ನೂ ಹೊರತೆಗೆಯಿರಿ. ಬ್ಯಾಟರಿ ಒಳಗೇ ಇದ್ದರೆ ಮೊದಲು ತೆಗೆದುಬಿಡಿ, ಅದು ಸೋರಿ ಲೋಹವನ್ನು ತಿನ್ನುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮಸೂರದೊಳಗೆ ಬೂಷ್ಟು ಬೆಳೆಯುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡುವುದಕ್ಕಿಂತ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಮೇಲು. ಹಳೆಯ ನೆಗೆಟಿವ್‌ಗಳನ್ನು ಎಸೆಯಬೇಡಿ. ಅಂಚು ಹಿಡಿದು ಎತ್ತಿ, ಬೆಳ್ಳಗೆ ಬೆಳಗುವ ಪರದೆಯ ಮುಂದಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು, ಕಪ್ಪುಬಿಳುಪು ಅದಲುಬದಲು ಮಾಡಿದರೆ ಹಳೆಯ ಮುಖಗಳು ಮತ್ತೆ ಕಾಣುತ್ತವೆ.

ಮಕ್ಕಳೊಂದಿಗೆ ಸೇರಿ ಮಾಡುವುದಕ್ಕೆ ಹಂಪಿಯ ಉದಾಹರಣೆಯೊಂದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರಗಳನ್ನು ತೆಗೆದ. ಅವು ಬಹಳ ಕಾಲ ಜನರ ಕಣ್ಣಿಗೆ ಬೀಳದೆ ಉಳಿದಿದ್ದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು, ಏನು ಬಿತ್ತು, ಯಾವುದನ್ನು ದುರಸ್ತಿ ಮಾಡಿದರು ಎಂಬುದು ಪಾಠದಂತೆ ತಿಳಿಯುತ್ತದೆ. ನಿಮ್ಮ ಊರಿನ ರಥಬೀದಿ, ಸಂತೆಮಾಳ, ಶಾಲೆಯ ಕಟ್ಟಡದ ಹಳೆಯ ಫೋಟೋ ಮನೆಯಲ್ಲೊಂದಿದ್ದೀತು. ಮಕ್ಕಳನ್ನು ಕರೆದುಕೊಂಡು ಹೋಗಿ ಅದೇ ಜಾಗದಲ್ಲಿ ನಿಂತು ಇಂದಿನ ಚಿತ್ರ ತೆಗೆಯಿರಿ. ನಿಮ್ಮ ಬಾಲ್ಯದ ಊರನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭ ಉಪಾಯವಿಲ್ಲ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದನ್ನು ಮುಂದೂಡಲಾಗದು. ಪ್ರತಿ ಮನೆಯಲ್ಲೂ ಹೆಸರಿಲ್ಲದ ಫೋಟೋಗಳಿವೆ. ಮದುವೆಯ ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿ ನಿಂತ ಹುಡುಗ ಯಾರು, ತೊಟ್ಟಿಲ ಪಕ್ಕದ ಹೆಂಗಸು ಯಾರು ಎಂಬುದು ಮನೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಗೊತ್ತಿರುತ್ತದೆ, ಅವರಿಗೂ ವಯಸ್ಸಾಗಿರುತ್ತದೆ. ಅವರಿಲ್ಲವಾದ ದಿನ ಆ ಹುಡುಗ ‘ಯಾರೋ’ ಆಗಿಬಿಡುತ್ತಾನೆ. ಈ ಭಾನುವಾರ ಅಜ್ಜ ಅಜ್ಜಿಯರನ್ನು ಬೆಳಕಿರುವ ಕಡೆ ಕೂರಿಸಿ, ಆಲ್ಬಂ ತೆರೆದು ಒಂದೊಂದಾಗಿ ಕೇಳಿ. ಮಕ್ಕಳು ಹೆಸರು, ಊರು, ಇಸವಿಯನ್ನು ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತಿ ಗೀಚದೆ ಬರೆಯಲಿ. ಬಾಲ್ ಪೆನ್ನು ಬೇಡ, ಅದರ ಗೀರು ಮುಂಬದಿಗೆ ಮೂಡುತ್ತದೆ. ಬರೆದು ಮುಗಿದ ಮೇಲೆ, ಆಲ್ಬಂ ತೊಡೆಯ ಮೇಲಿಟ್ಟುಕೊಂಡು ಕುಳಿತ ಅಜ್ಜಿಯ ಒಂದು ಚಿತ್ರ ತೆಗೆಯಿರಿ. ಈ ವಾರದ ಹನ್ನೆರಡರಲ್ಲಿ ಅದು ಮೊದಲನೆಯದಾಗಲಿ.